ಸಹಾಯ ಬೇಕು: ಕಡಿಮೆ ಓಡಿದ ಕಾರೋ, ದಾಖಲೆ ಇರುವ ಕಾರೋ?

ಎರಡು ತಿಂಗಳಿಂದ ಬಳಸಿದ ಮಧ್ಯಮ ಗಾತ್ರದ ಕ್ರಾಸ್‌ಓವರ್ ಒಂದನ್ನು ಹುಡುಕಿ ಹುಡುಕಿ ತಲೆ ಕೆಟ್ಟಿದೆ. ಕೊನೆಗೆ ಎರಡು ಉಳಿದಿವೆ. ಒಂದೇ ಮಾದರಿ, ಎರಡೂ 2019ರವು. ಮೊದಲನೆಯದು 92,000 ಕಿ.ಮೀ. ಓಡಿದೆ, ಒಬ್ಬರೇ ಮಾಲೀಕರು, ಪ್ರತಿ ಸರ್ವಿಸ್‌ನ ರಸೀದಿಯೂ ಇದೆ. ಎರಡನೆಯದು ಬರೀ 38,000, ಬೆಲೆಯೂ ಕಡಿಮೆ. ಸರ್ವಿಸ್ ಪುಸ್ತಕ ಮಾತ್ರ ಕಳೆದುಹೋಗಿದೆಯಂತೆ!

ಸುಳ್ಳೇಕೆ ಹೇಳಲಿ, ಮನಸ್ಸು ಎರಡನೆಯದರ ಮೇಲೆಯೇ ಇದೆ. ಆದರೆ ಅದರ ನಾಲ್ಕೂ ಟೈರ್‌ಗಳ ಮೇಲೆ 1123 ಎಂದಿದೆ, ಅಂದರೆ 2023ರ 11ನೇ ವಾರದಲ್ಲಿ ತಯಾರಾದವು. ಇಷ್ಟು ಕಡಿಮೆ ಓಡಿದ ಕಾರಿಗೆ ಹೊಸ ಟೈರ್ ಏಕೆ ಬೇಕಾಯಿತು? ಬ್ರೇಕ್ ಪೆಡಲ್‌ನ ರಬ್ಬರ್ ಕೂಡ ಚೆನ್ನಾಗಿ ಸವೆದಿದೆ. ಕಾರಿನ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷಗಳನ್ನು ಓದುವ ಒಬಿಡಿ ಸ್ಕ್ಯಾನರ್ ಹಾಕಿ ನೋಡಿದೆ. ದೋಷದ ಕೋಡ್ ಒಂದೂ ಇಲ್ಲ, ಆದರೆ ಮೂರು ಮಾನಿಟರ್‌ಗಳು (ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ವ್ಯವಸ್ಥೆಗಳು) ‘ಸಿದ್ಧವಿಲ್ಲ’ ಎನ್ನುತ್ತಿವೆ, ಅಂದರೆ ಆ ಪರೀಕ್ಷೆಗಳು ಇನ್ನೂ ಮುಗಿದಿಲ್ಲ. ಬ್ಯಾಟರಿ ಬದಲಿಸಿದ್ದರಿಂದ ಹೀಗಾಗಿದೆ ಎಂದು ಮಾರುವವರು ಹೇಳುತ್ತಾರೆ. ಕೋಡ್‌ಗಳನ್ನು ಅಳಿಸಿದರೂ ಹೀಗೆಯೇ ಆಗುತ್ತದಲ್ಲವೇ? ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲಿಯೇ.

ಬಲ್ಲವರು ತಿಳಿಸಿ: ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಸ್ಕ್ಯಾನ್ ಮಾಡಿದರೆ ನಿಜ ತಿಳಿಯುತ್ತದೆಯೇ, ಅಥವಾ ಆಸೆ ಬಿಟ್ಟು ಮೊದಲನೆಯದನ್ನೇ ಕೊಳ್ಳಲೇ?