ಕೆ-ಪಾಪ್ ಕೇಳಲು 5,000 ರೂಪಾಯಿ ಒಳಗೆ ಹೆಡ್‌ಫೋನ್: ರೈಲಿಗೂ ಆಗಬೇಕು, ಫೋನಿಗೆ ಜ್ಯಾಕ್ ಇಲ್ಲ

ಕುಂಬಳೆ_ಕೋಟೆ

ಕೇಳುವುದು ಮುಕ್ಕಾಲು ಪಾಲು ಕೆ-ಪಾಪ್: ಏಸ್ಪಾ, ಸೆವೆಂಟೀನ್, ಬಿಟಿಎಸ್, ನಡುನಡುವೆ ಐಯು. ಬೆಳಿಗ್ಗೆ, ಸಂಜೆ ಕುಂಬಳೆ–ಮಂಗಳೂರು ರೈಲಿನಲ್ಲಿ, ರಾತ್ರಿ ಮನೆಯಲ್ಲಿ. ಫೋನ್ ಆಂಡ್ರಾಯ್ಡ್, 3.5 ಮಿ.ಮೀ. ಜ್ಯಾಕ್ ಇಲ್ಲ. ಈಗ ಇರುವುದು ಡಬ್ಬದ ಮೇಲೆ ‘ಎಕ್ಸ್‌ಟ್ರಾ ಬೇಸ್’ ಅಂತ ಬರೆದ ಬ್ಲೂಟೂತ್ ನೆಕ್‌ಬ್ಯಾಂಡ್.

ತೊಂದರೆ ಎರಡು. ಕೋರಸ್ ಬಂದ ಕೂಡಲೇ ಎಲ್ಲರ ಸ್ವರ ಕಲಸಿ ಗಂಜಿಯ ಹಾಗೆ ಆಗ್ತದೆ. ಸದ್ದು ಸ್ವಲ್ಪ ಏರಿಸಿದರೆ ‘ಸ’, ‘ಚ’ ಕಿವಿಗೆ ಚುಚ್ತದೆ. ಆದರೆ ಬೇಸ್ ಬೇಕು, ಅದಿಲ್ಲದ ಕೆ-ಪಾಪ್ ಉಪ್ಪಿಲ್ಲದ ಸಾರು.

ವಯರ್ ಇರುವುದಾ, ವಯರ್‌ಲೆಸ್ಸಾ? ಕಿವಿಯೊಳಗೆ ಹಾಕುವುದಾ, ಕಿವಿ ಮುಚ್ಚುವ ದೊಡ್ಡದಾ? ಎಲ್‌ಡ್ಯಾಕ್ (ಬ್ಲೂಟೂತ್‌ನಲ್ಲಿ ಹಾಡನ್ನು ಹೆಚ್ಚು ವಿವರದೊಂದಿಗೆ ಕಳಿಸುವ ಕೋಡೆಕ್) ಇದ್ದರೆ ಈ ತೊಂದರೆ ಹೋಗ್ತದಾ?

ಪಯಸ್ವಿನಿ

ಎಲ್‌ಡ್ಯಾಕ್‌ನಿಂದ ಈ ಎರಡೂ ಹೋಗುವುದಿಲ್ಲ. ಎರಡೂ ಹೆಡ್‌ಫೋನಿನ ಟ್ಯೂನಿಂಗ್‌ನ ತೊಂದರೆ, ಕೋಡೆಕ್‌ನದ್ದಲ್ಲ.

‘ಬೇಸ್’ ಅಂತ ಒಂದೇ ಹೆಸರಿನಲ್ಲಿ ಕರೆಯುವುದು ಎರಡು ಬೇರೆ ಬೇರೆ ಸಂಗತಿಗಳನ್ನು. 30ರಿಂದ 60 ಹರ್ಟ್ಸ್‌ವರೆಗಿನದು ಸಬ್-ಬೇಸ್. ಏಸ್ಪಾ ಹಾಡುಗಳಲ್ಲಿ ಎದೆಗೆ ಗುದ್ದುವ ಆ ಸಿಂಥ್, ಕಿಕ್ ಡ್ರಮ್ಮಿನ ಅಡಿಪಾಯ ಎಲ್ಲ ಅಲ್ಲಿ ಉಂಟು. 100ರಿಂದ 250 ಹರ್ಟ್ಸ್ ಮಿಡ್-ಬೇಸ್. ‘ಎಕ್ಸ್‌ಟ್ರಾ ಬೇಸ್’ ಅಂತ ಮಾರುವ ಅಗ್ಗದ ಮಾಲುಗಳಲ್ಲಿ ಹೆಚ್ಚಾಗಿ ಎತ್ತಿರುವುದು ಈ ಎರಡನೆಯದನ್ನೇ, ಯಾಕೆಂದರೆ ಅಂಗಡಿಯಲ್ಲಿ ಅರ್ಧ ನಿಮಿಷ ಕೇಳಿದವರಿಗೆ ಅದೇ ‘ಭಾರೀ ಬೇಸ್’ ಅನಿಸ್ತದೆ. ಆದರೆ ಗಂಡು ಸ್ವರದ ಬುಡ ಇರುವುದೂ ಅಲ್ಲೇ. ಹದಿಮೂರು ಜನರ ಸೆವೆಂಟೀನ್ ಕೋರಸ್‌ನಲ್ಲಿ ಮುಖ್ಯ ಸ್ವರ, ಅದರ ಡಬಲ್, ಎಡಬಲಕ್ಕೆ ಹರಡಿದ ಹಾರ್ಮನಿ, ಮೇಲಿಂದ ಆ್ಯಡ್-ಲಿಬ್, ಇಷ್ಟೂ ಒಂದರ ಮೇಲೊಂದು ಕೂತಿರ್ತವೆ. ಅದರ ಮೇಲೆ 200 ಹರ್ಟ್ಸ್‌ನ ಗುಂಯ್ ಸುರಿದರೆ ಗಂಜಿಯೇ.

ಚುಚ್ಚುವುದು ಇನ್ನೊಂದು ತುದಿಯಿಂದ. ‘ಸ’, ‘ಚ’ಗಳ ಗಾಳಿಸದ್ದು ಹೆಚ್ಚಾಗಿ 5ರಿಂದ 9 ಕಿಲೋಹರ್ಟ್ಸ್ ನಡುವೆ. ಕೊರಿಯನ್‌ನಲ್ಲಿ ‘ಸ’ ಎರಡು ಬಗೆ, ಸಾದಾ ಒಂದು, ಬಿಗಿದದ್ದು ಇನ್ನೊಂದು. ‘ಚ’ ಜಾತಿಯದ್ದು ಮೂರು. ಜೊತೆಗೆ ಈ ಹಾಡುಗಳ ಮಾಸ್ಟರಿಂಗೇ ಜೋರು: ಮೆಲ್ಲಗಿನ ಭಾಗವನ್ನೂ ಕಂಪ್ರೆಸ್ ಮಾಡಿ ಮೇಲೆತ್ತಿರ್ತಾರೆ, ಹಾಗಾಗಿ ಕಿವಿಗೆ ನಡುವೆ ಉಸಿರಾಡಲು ಜಾಗವೇ ಸಿಗುವುದಿಲ್ಲ. ಹಾಡಿನಲ್ಲೇ ಬೇಸೂ ಹೊಳಪೂ ತುಂಬಿರುವಾಗ, ಎರಡನ್ನೂ ಮತ್ತೆ ಎತ್ತುವ ವಿ-ಆಕಾರದ ಹೆಡ್‌ಫೋನ್ ಹಾಕುವುದು ಪಾಯಸಕ್ಕೆ ಇನ್ನೊಂದಚ್ಚು ಬೆಲ್ಲ ಹಾಕಿದ ಹಾಗೆ.

ನಿಮಗೆ ಬೇಕಾದದ್ದು ಇಂಥದ್ದು: 100 ಹರ್ಟ್ಸ್ ಕೆಳಗೆ ಮಾತ್ರ ಎತ್ತಿರಬೇಕು, 200ರ ಹತ್ತಿರ ಸಪಾಟಾಗಿರಬೇಕು, 6ರಿಂದ 8 ಕಿಲೋಹರ್ಟ್ಸ್‌ನಲ್ಲಿ ಕೊಂಬು ಇರಬಾರದು. ಹಾರ್ಮನ್ ಟಾರ್ಗೆಟ್ ಅನ್ನುವ, ಹೆಚ್ಚಿನವರ ಕಿವಿಗೆ ಹಿತವಾಗುವ ಸದ್ದಿನ ರೇಖೆಗೆ ಹತ್ತಿರ ಇರುವ, ಕಿವಿಯೊಳಗೆ ಕೂರುವ ವಯರ್ ಇಯರ್‌ಫೋನ್‌ಗಳು, ಅಂದರೆ ಐಇಎಂಗಳು, ಇದನ್ನು ಕಡಿಮೆ ದುಡ್ಡಿಗೆ ಕೊಡ್ತವೆ. 7ಹರ್ಟ್ಸ್ ಸಾಲ್ನೋಟ್ಸ್ ಝೀರೋ 2 ನನ್ನ ಮೊದಲ ಆಯ್ಕೆ. ಹಳೆ ಝೀರೋಗಿಂತ ಇದರಲ್ಲಿ ಬೇಸ್ ಹೆಚ್ಚು, ಮೇಲಿನ ತುದಿ ಮೆದು. ಮೂನ್‌ಡ್ರಾಪ್ ಚೂ 2 ಕೂಡ ಒಳ್ಳೆಯದೇ, ಆದರೆ ಸ್ವಲ್ಪ ಹೊಳಪು ಜಾಸ್ತಿ. ‘ಸ’ ಚುಚ್ಚುತ್ತದೆ ಅನ್ನುವವರಿಗೆ ಎರಡನೆಯ ಆಯ್ಕೆ. ಬಜೆಟ್ ಪೂರ್ತಿ ಸುರಿಯುವುದಾದರೆ ಟ್ರೂತಿಯರ್ ಝೀರೋ ರೆಡ್ ನೋಡಿ. ಒಳಗೆ ಎರಡು ಡೈನಾಮಿಕ್ ಡ್ರೈವರ್ (ಸದ್ದು ಹೊರಡಿಸುವ ಭಾಗ), ಡಬ್ಬದಲ್ಲಿ ಬರುವ 10 ಓಮ್ ಅಡಾಪ್ಟರ್ ಸಿಕ್ಕಿಸಿದರೆ ಸಬ್-ಬೇಸ್ ಏರ್ತದೆ. ಆದರೆ ಅದರ ಮೂತಿ ದಪ್ಪ. ಸಣ್ಣ ಕಿವಿಯವರಿಗೆ ಒಂದು ಗಂಟೆಯಲ್ಲಿ ನೋವು ಬರ್ತದೆ.

ಚಂದ್ರಗಿರಿ_ತೀರ

ಟ್ಯೂನಿಂಗ್ ವಿಷಯ ಎಲ್ಲ ಸರಿ. ಆದರೆ ಪ್ರಶ್ನೆಯಲ್ಲಿ ರೈಲು ಉಂಟಲ್ವಾ?

ರೈಲಿನ ಗುಡುಗು ಇರುವುದು ಬಹುಪಾಲು ಕೆಳಗಿನ ಕಂಪನಾಂಕಗಳಲ್ಲಿ, ಸಬ್-ಬೇಸ್ ಇರುವ ಜಾಗದಲ್ಲೇ. ಐಇಎಂ ರಬ್ಬರ್ ಟಿಪ್ ತಡೆಯುವುದು ಮುಖ್ಯವಾಗಿ ಮಧ್ಯದ ಮತ್ತು ಮೇಲಿನ ಸದ್ದನ್ನು: ಎದುರು ಸೀಟಿನವರ ರೀಲ್ಸ್, ‘ಚಾಯ ಚಾಯ’ ಕೂಗು. ಗಾಲಿಯ ಗುಡುಗು ಅದನ್ನು ದಾಟಿ ಬರ್ತದೆ, ಹಾಡಿನ ಬೇಸನ್ನು ಮುಚ್ಚಿಹಾಕ್ತದೆ, ಆಗ ಕೈ ತಾನಾಗಿ ವಾಲ್ಯೂಮ್ ಬಟನ್ನಿಗೆ ಹೋಗ್ತದೆ. ಎಎನ್‌ಸಿ, ಅಂದರೆ ಸದ್ದಡಗಿಸುವ ಸರ್ಕಿಟ್, ಸರಿಯಾಗಿ ತಿರುಗಾ ಮುರುಗಾ: ಗುಡುಗನ್ನು ತಿನ್ನುತ್ತದೆ, ಮಾತನ್ನು ಅಷ್ಟಾಗಿ ತಡೆಯುವುದಿಲ್ಲ. ನೇತ್ರಾವತಿ ಸೇತುವೆ ಹತ್ತಿದಾಗ ಗೊತ್ತಾಗ್ತದೆ. ಕೆಳಗಿನ ಗುಂಯ್ ಅಡಗಿರ್ತದೆ, ಕಬ್ಬಿಣದ ಟಣಟಣ ಮಾತ್ರ ಹಾಗೇ ಕೇಳ್ತದೆ.

ವಾಲ್ಯೂಮ್ ಯಾಕೆ ಮುಖ್ಯ ಅಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿಸಿದರೆ ವಾರಕ್ಕೆ ನಾಲ್ಕೇ ಗಂಟೆ. ದಿನಾ ಹೋಗಿ ಬರುವವರಿಗೆ ಅದು ಎರಡು–ಮೂರು ದಿನದಲ್ಲಿ ಮುಗಿದುಹೋಗ್ತದೆ.

ಸೋನಿ ಡಬ್ಲ್ಯುಎಚ್-ಸಿಎಚ್720ಎನ್ ಇಂಥ ಓಡಾಟಕ್ಕೆ ಹೊಂದುತ್ತದೆ. ತೂಕ 192 ಗ್ರಾಂ, ಎಎನ್‌ಸಿ ಹಾಕಿಕೊಂಡೇ 35 ಗಂಟೆ ಬ್ಯಾಟರಿ. ಬಜೆಟ್ ದಾಟ್ತದೆ, ಗೊತ್ತು. ಆಫರಿಗೆ ಕಾಯಬಹುದಾದರೆ ನೋಡಿ. ಇದರಲ್ಲಿ ಎಲ್‌ಡ್ಯಾಕ್ ಇಲ್ಲ, ಎಸ್‌ಬಿಸಿ ಮತ್ತು ಎಎಸಿ ಮಾತ್ರ. ಅದಕ್ಕಾಗಿ ಬಿಡಬೇಡಿ.

ಪಯಸ್ವಿನಿ

ಎಎನ್‌ಸಿ ವಾದ ಒಪ್ಪಿದೆ. ಆದರೆ 5,000ದೊಳಗಿನ ಎಎನ್‌ಸಿ ಬಡ್ಸ್‌ಗಳಲ್ಲಿ ಹೆಚ್ಚಿನವು ಮತ್ತೆ ಅದೇ ಮಿಡ್-ಬೇಸ್ ಕಾಯಿಲೆಯವು. ಅದಕ್ಕೆ ಒಂದು ನಡುದಾರಿ: ಐಇಎಂಗೆ ಫೋಮ್ ಟಿಪ್. ಬೆರಳಲ್ಲಿ ಹೊಸಕಿ ಸಣ್ಣ ಮಾಡಿ, ಇನ್ನೊಂದು ಕೈಯಲ್ಲಿ ಕಿವಿಯ ಮೇಲ್ಭಾಗವನ್ನು ಹಿಂದಕ್ಕೂ ಮೇಲಕ್ಕೂ ಎಳೆದು ಒಳಗಿಟ್ಟು, 20–30 ಸೆಕೆಂಡ್ ಒತ್ತಿಹಿಡಿಯಿರಿ, ಅದು ಉಬ್ಬಿ ಕೂರ್ತದೆ. ರಬ್ಬರಿಗಿಂತ ಹೆಚ್ಚು ತಡೆಯುತ್ತದೆ, ಮೇಲಿನ ಚುಚ್ಚನ್ನೂ ತುಸು ಮೆದು ಮಾಡ್ತದೆ. ಬಾಳಿಕೆ ಮಾತ್ರ ಕಡಿಮೆ. ಬೆವರು, ಎಣ್ಣೆ ಹೀರಿ ಕೆಲವು ತಿಂಗಳಲ್ಲಿ ಉಬ್ಬುವುದನ್ನೇ ಮರೆಯುತ್ತದೆ.

ಎಲ್‌ಡ್ಯಾಕ್ ಬಗ್ಗೆ ಇನ್ನೊಂದು. ಅದಕ್ಕೆ ಸೆಕೆಂಡಿಗೆ 330, 660, 990 ಕಿಲೋಬಿಟ್ ಅಂತ ಮೂರು ಹಂತ. ತುಂಬಿದ ಬೋಗಿಯಲ್ಲಿ ಎಲ್ಲರ ಜೇಬಲ್ಲೂ ಬ್ಲೂಟೂತ್ ಇರುವಾಗ 990 ಹಾಕಿದರೆ ತುಂಡು ತುಂಡಾಗಿ ಕೇಳ್ತದೆ. ಡೆವಲಪರ್ ಆಪ್ಷನ್ಸ್‌ಗೆ ಹೋಗಿ 660ಕ್ಕೆ ಇಳಿಸಿದರೆ ಸಾಕು.

ಬೋವಿಕ್ಕಾನ_ಬೇಸ್

ಜ್ಯಾಕ್ ಇಲ್ಲದ ಫೋನಿಗೆ ಐಇಎಂ ತೆಗೊಳ್ಳುವವರು ಮುಗ್ಗರಿಸುವುದು ಡಾಂಗಲ್‌ನಲ್ಲಿ. ಟೈಪ್-ಸಿಯಿಂದ 3.5ಕ್ಕೆ ಹೋಗುವ ಅಡಾಪ್ಟರುಗಳು ಎರಡು ಜಾತಿ, ನೋಡಲು ಒಂದೇ ತರ. ಒಂದರ ಒಳಗೆ ಬರೀ ವಯರ್. ಫೋನೇ ಅನಲಾಗ್ ಸದ್ದು ಕೊಟ್ಟರೆ ಮಾತ್ರ ಕೆಲಸ ಮಾಡ್ತದೆ. ಹೆಚ್ಚಿನ ಹೊಸ ಫೋನುಗಳು ಕೊಡುವುದಿಲ್ಲ, ಸಿಕ್ಕಿಸಿದರೆ ಮೌನ ಅಥವಾ ‘ಸಪೋರ್ಟ್ ಇಲ್ಲ’ ಅಂತ ಸಂದೇಶ. ಇನ್ನೊಂದರೊಳಗೆ ಡಿಜಿಟಲನ್ನು ಅನಲಾಗಿಗೆ ತಿರುಗಿಸುವ ಡ್ಯಾಕ್ ಚಿಪ್ ಉಂಟು. ನಿಮಗೆ ಬೇಕಾದದ್ದು ಅದು. ಅಂಗಡಿಯಲ್ಲಿ ‘ಡ್ಯಾಕ್ ಉಂಟಾ’ ಅಂತಲೇ ಕೇಳಿ, ನಿಮ್ಮ ಫೋನಿಗೆ ಅಲ್ಲೇ ಸಿಕ್ಕಿಸಿ ನೋಡಿ.

ಆ್ಯಪಲ್ ಡಾಂಗಲ್ ಅಳತೆಯಲ್ಲಿ ಚೊಕ್ಕ, ಬಾಯಿಮಾತಿನ ಪ್ರಚಾರವೂ ಜೋರು. ಆದರೆ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಅದರ ವಾಲ್ಯೂಮ್ ಪೂರ್ತಿ ಏರುವುದಿಲ್ಲ. ಸ್ಯಾಮ್‌ಸಂಗ್ ಮಾರುವ ಡಾಂಗಲ್‌ನಲ್ಲಿ ಆ ತಲೆನೋವಿಲ್ಲ. ಡಾಂಗಲೇ ಬೇಡ ಅಂದರೆ ಚೂ 2ನಲ್ಲಿ ಟೈಪ್-ಸಿ ಪ್ಲಗ್ಗಿನ, ಚಿಪ್ ಒಳಗೇ ಇರುವ ಡಿಎಸ್‌ಪಿ ಮಾದರಿಯೂ ಉಂಟು.

ರೈಲಿನಲ್ಲಿ ಡಾಂಗಲ್ ಹಾಳಾಗುವುದು ಜೇಬಿನಲ್ಲಿ. ಫೋನ್ ತಲೆಕೆಳಗಾಗಿ ಇಡಿ, ಪ್ಲಗ್ ಮೇಲೆ ಬರಲಿ. ಕೆಳಗಿದ್ದರೆ ಕೂರುವಾಗೆಲ್ಲ ವಯರ್ ಬುಡದಲ್ಲಿ ಮಡಿಯುತ್ತದೆ, ಮೊದಲು ಒಂದು ಬದಿ ಬಂದು ಹೋಗಿ ಮಾಡ್ತದೆ, ಆಮೇಲೆ ಹೋಗಿಯೇ ಹೋಗ್ತದೆ.

ಕುಂಬಳೆ_ಕೋಟೆ

ಎಲ್ಲರಿಗೂ ಉಪಕಾರ. ಝೀರೋ 2 ಮತ್ತು ಸ್ಯಾಮ್‌ಸಂಗ್ ಡಾಂಗಲ್ ಅಂತ ತೀರ್ಮಾನ. ಅದು ಬರುವವರೆಗೆ ಈಗಿನ ನೆಕ್‌ಬ್ಯಾಂಡನ್ನೇ ಸ್ವಲ್ಪ ಸುಧಾರಿಸಬಹುದಾ? ಮತ್ತೆ, ಮುಂದೆ ರಾತ್ರಿ ಕೇಳಲು ದೊಡ್ಡ ಹೆಡ್‌ಫೋನ್ ತೆಗೊಂಡರೆ ಈ ಡಾಂಗಲ್ ಸಾಕಾ?

ಪಯಸ್ವಿನಿ

ನೆಕ್‌ಬ್ಯಾಂಡಿಗೆ ಈಕ್ವಲೈಸರ್ (ಈಕ್ಯೂ), ಅಂದರೆ ಕಂಪನಾಂಕದ ಒಂದೊಂದು ಪಟ್ಟಿಯನ್ನು ಬೇರೆ ಬೇರೆ ಏರಿಸಿ ಇಳಿಸುವುದು. ವೇವ್‌ಲೆಟ್ ಆ್ಯಪ್ ಹಾಕಿ, ಅಥವಾ ಫೋನಿನದ್ದೇ ಆದರೂ ಸರಿ. 62 ಹರ್ಟ್ಸ್ ಪಟ್ಟಿ ಮುಟ್ಟಬೇಡಿ. 125ರಲ್ಲಿ 2 ಡೆಸಿಬೆಲ್ ಇಳಿಸಿ, 250ರಲ್ಲಿ 3, 8,000ದಲ್ಲಿ 3. ಬೇರೆ ಪಟ್ಟಿಗಳು ಸೊನ್ನೆಯಲ್ಲೇ ಇರಲಿ. ಮೊದಲ ಐದು ನಿಮಿಷ ಸಪ್ಪೆ ಅನಿಸ್ತದೆ, ಕಿವಿ ಹಳೆಯದಕ್ಕೆ ಒಗ್ಗಿಹೋಗಿದೆ. ಕಾಲು ಗಂಟೆ ಹಾಗೇ ಕೇಳಿ ಆಮೇಲೆ ಈಕ್ಯೂ ಆಫ್ ಮಾಡಿ ನೋಡಿ, ಗುಂಯ್ ಎಲ್ಲಿತ್ತು ಅಂತ ಆಗ ಗೊತ್ತಾಗ್ತದೆ.

ಏರಿಸುವುದಕ್ಕಿಂತ ಇಳಿಸಿ ಅನ್ನುವುದಕ್ಕೆ ಕಾರಣ ಉಂಟು. ಕೆ-ಪಾಪ್ ಹಾಡುಗಳು ಡಿಜಿಟಲ್ ಮಟ್ಟದ ಮೇಲ್ಚಾವಣಿಗೆ ತಲೆ ತಾಗಿಸಿಕೊಂಡೇ ಬರ್ತವೆ. ಅಲ್ಲಿ 60 ಹರ್ಟ್ಸನ್ನು 5 ಡೆಸಿಬೆಲ್ ಏರಿಸಿದರೆ ಕಿಕ್ ಬಿದ್ದಾಗೆಲ್ಲ ಸದ್ದು ಕ್ಲಿಪ್ ಆಗಿ ‘ಪರಪರ’ ಅಂತದೆ. ಏರಿಸಲೇಬೇಕಾದರೆ ಅಷ್ಟೇ ಡೆಸಿಬೆಲ್ ಪ್ರೀ-ಆ್ಯಂಪ್ (ಈಕ್ಯೂನ ಒಟ್ಟು ಮಟ್ಟ) ಇಳಿಸಿ. ಸ್ಪಾಟಿಫೈನಲ್ಲಿ ಆದರೆ ವಾಲ್ಯೂಮ್ ಲೆವೆಲ್ ‘ಲೌಡ್’ ಬೇಡ, ಅದರಲ್ಲಿ ಸದ್ದಿನ ತುದಿ ಒತ್ತಿಹಿಡಿಯುವ ಇನ್ನೊಂದು ಲಿಮಿಟರ್ ಸೇರಿಕೊಳ್ತದೆ. ‘ನಾರ್ಮಲ್’ ಇಡಿ.

ದೊಡ್ಡದು: ಆಡಿಯೋ-ಟೆಕ್ನಿಕಾ ಎಟಿಎಚ್-ಎಂ40ಎಕ್ಸ್ 35 ಓಮ್, ಎಂ50ಎಕ್ಸ್ 38 ಓಮ್, ಡಾಂಗಲ್ ಆರಾಮಾಗಿ ಓಡಿಸ್ತದೆ (ಓಮ್ ಹೆಚ್ಚಾದಷ್ಟು ಹೆಚ್ಚು ವೋಲ್ಟ್ ಬೇಕು). ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ತೆಗೊಳ್ಳುವುದಾದರೆ 80 ಓಮ್ ಸಾಕು, 250 ಓಮ್ ಬೇಡ, ಫೋನಿಗೆ ಆಗುವುದಿಲ್ಲ. ಅದರ ಟ್ರೆಬಲ್ ಹೇಗೂ ಚೂಪು, ನಿಮಗಲ್ಲ.

ಬೋವಿಕ್ಕಾನ_ಬೇಸ್

‘ಆಗುವುದಿಲ್ಲ’ ಅನ್ನುವುದು ಸ್ವಲ್ಪ ಜಾಸ್ತಿ ಆಯ್ತು. ಡಾಂಗಲ್ 1 ವೋಲ್ಟ್ ಕೊಟ್ಟರೆ 250 ಓಮ್‌ಗೆ 4 ಮಿಲಿವಾಟ್. ಅದರ ಸೆನ್ಸಿಟಿವಿಟಿ ಮಿಲಿವಾಟಿಗೆ 96 ಡೆಸಿಬೆಲ್, ಅಂದರೆ ಮೇಲೆ 102ವರೆಗೆ ಹೋಗ್ತದೆ. ಮೆಲ್ಲಗೆ ರೆಕಾರ್ಡ್ ಆದ ಶಾಸ್ತ್ರೀಯ ಸಂಗೀತಕ್ಕೆ ಕಷ್ಟ. ಕೆ-ಪಾಪ್‌ನಷ್ಟು ಜೋರಿನ ಮಾಸ್ಟರಿಗೆ ಸಾಕಾಗ್ತದೆ. ಅರ್ಧ ವೋಲ್ಟಿನ ಡಾಂಗಲ್ ಆದರೆ 6 ಡೆಸಿಬೆಲ್ ಕಳೆಯಿರಿ, ಆಗ ನಿಮ್ಮ ಮಾತು ಸರಿ.

ಪಯಸ್ವಿನಿ

ಲೆಕ್ಕ ಸರಿ ಉಂಟು, ಒಪ್ಪಿದೆ. ಟ್ರೆಬಲ್ ವಿಷಯ ಹಿಂದೆಗೆದುಕೊಳ್ಳುವುದಿಲ್ಲ.

ಮುಳ್ಳೇರಿಯ_ಮಳೆ

ಜೂನ್ ಬಂದರೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಬರ್ತದೆ, ಅದೂ ಲೆಕ್ಕಕ್ಕಿರಲಿ. ದೊಡ್ಡ ಹೆಡ್‌ಫೋನುಗಳ ಮೆತ್ತೆಗೆ ಹಾಕುವ ಕೃತಕ ಚರ್ಮ ತೇವದಲ್ಲಿ ಪದರ ಬಿಟ್ಟು ಕಪ್ಪು ಹೊಟ್ಟಿನ ಹಾಗೆ ಕಿವಿಗೆ ಮೆತ್ತಿಕೊಳ್ತದೆ. ಬದಲಿ ಪ್ಯಾಡ್ ಸಿಗುವ ಮಾದರಿಯನ್ನೇ ತೆಗೊಳ್ಳಿ. ಎಂ40ಎಕ್ಸ್, ಎಂ50ಎಕ್ಸ್‌ಗೆ ಸಲೀಸಾಗಿ ಸಿಗ್ತದೆ. ಪ್ಯಾಡ್ ಬದಲಾದರೆ ಸದ್ದೂ ಬದಲಾಗ್ತದೆ, ದಪ್ಪ ಹೆಚ್ಚು ಕಡಿಮೆ ಇರುವ ಕಂಡಾಬಟ್ಟೆ ಪ್ಯಾಡ್ ಹಾಕಬೇಡಿ.

ಐಇಎಂ ಬಳಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಗಾಳಿಯಾಡದ ಸಣ್ಣ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಅಕ್ಕಿ ಡಬ್ಬದೊಳಗೆ ಬೇಡ, ಅಕ್ಕಿಹುಡಿ ಮೂತಿಯ ಜಾಲರಿಗೆ ಸೇರ್ತದೆ. ಒಂದು ಬದಿ ಸದ್ದು ಕಡಿಮೆಯಾದರೆ ಹೆಚ್ಚಿನ ಸಲ ಗುಗ್ಗೆ ಅಂಟಿದ ಜಾಲರಿಯೇ ಕಾರಣ. ಮೂತಿ ಕೆಳಮುಖ ಮಾಡಿ ಹಿಡಿದು, ಮೆದು ಬ್ರಷ್‌ನಲ್ಲಿ ಉಜ್ಜಿ. ಸೂಜಿ ಹಾಕಬೇಡಿ ಮಾರಾಯ್ರೆ, ಜಾಲರಿ ತೂತಾದರೆ ಡ್ರೈವರಿಗೇ ಗುಗ್ಗೆ.

ಕುಂಬಳೆ_ಕೋಟೆ

ಝೀರೋ 2 ಬಂತು. ಕೋರಸ್‌ನಲ್ಲಿ ಸ್ವರಗಳು ಬೇರೆ ಬೇರೆ ಕೇಳ್ತವೆ, ಚುಚ್ಚುವುದೂ ಇಲ್ಲ. ಆದರೆ ಎಡಕಿವಿಯಲ್ಲಿ ಬೇಸ್ ಕಡಿಮೆ. ಹಿಂದೆ ಕಳಿಸಬೇಕಾ?

ಪಯಸ್ವಿನಿ

ಕಳಿಸುವ ಮೊದಲು ಎಡದ್ದನ್ನು ಬಲಕಿವಿಗೆ, ಬಲದ್ದನ್ನು ಎಡಕಿವಿಗೆ ಹಾಕಿ ಕೇಳಿ. ವಯರ್ ಕಿವಿಯ ಮೇಲೆ ಸರಿಯಾಗಿ ಕೂರುವುದಿಲ್ಲ, ಕೈಯಲ್ಲಿ ಒತ್ತಿಹಿಡಿದರೆ ಸಾಕು. ಈಗಲೂ ಎಡಕಿವಿಯಲ್ಲೇ ಬೇಸ್ ಕಡಿಮೆ ಅಂದರೆ ಮಾಲು ಸರಿ ಉಂಟು, ಟಿಪ್ ಬಿಗಿಯಾಗಿ ಕೂತಿಲ್ಲ. ಎರಡೂ ಕಿವಿಯ ತೂತು ಒಂದೇ ಅಳತೆ ಇರಬೇಕೆಂದಿಲ್ಲ. ಎಡಕ್ಕೆ ದೊಡ್ಡ ಟಿಪ್, ಬಲಕ್ಕೆ ನಡುವಿನದ್ದು ಹಾಕಿದರೂ ತಪ್ಪಿಲ್ಲ. ಬೇಸ್ ಕಡಿಮೆಯಾಗುವುದು ಬಲಕಿವಿಗೆ ದಾಟಿದರೆ ಮಾತ್ರ ದೋಷ ಅದರೊಳಗೆ. ಆಗ ರಿಟರ್ನ್ ದಿನ ಮುಗಿಯುವ ಮೊದಲು ಕಳಿಸಿ, ಡಬ್ಬ, ಬಿಲ್ಲು ಬಿಸಾಡಬೇಡಿ.

ಕುಂಬಳೆ_ಕೋಟೆ

ಅದಲು ಬದಲು ಮಾಡಿದೆ, ಎಡಕಿವಿಯಲ್ಲೇ ಕಡಿಮೆ. ದೊಡ್ಡ ಟಿಪ್ ಹಾಕಿದ ಮೇಲೆ ಸರಿಯಾಯ್ತು.