ಮೆಟ್ಟಿಲು ಹತ್ತಿದಾಗ ಮಾತ್ರ ಬರುವ ಹಲ್ಲುನೋವು: ಹಲ್ಲು ಕೀಳಿಸಬಹುದೇ?

ಪ್ರಶ್ನೆ:
ನನ್ನ ತಾಯಿಗೆ 61 ವರ್ಷ; ಸಕ್ಕರೆ ಕಾಯಿಲೆಯೂ ಇದೆ. ಮೂರು ವಾರಗಳಿಂದ ಮೆಟ್ಟಿಲು ಹತ್ತಿದಾಗ ಅಥವಾ ಬಿರುಸಾಗಿ ನಡೆದಾಗ ಕೆಳದವಡೆಯ ಎರಡೂ ಬದಿಯ ಹಲ್ಲುಗಳು ಅದುಮಿ ಹಿಡಿದಂತೆ ನೋಯುತ್ತವೆ. ಕುಳಿತ ಐದು ನಿಮಿಷಗಳಲ್ಲಿ ನೋವು ಇಳಿಯುತ್ತದೆ. ಅಗಿಯುವಾಗಲಾಗಲಿ, ತಣ್ಣೀರು ಕುಡಿಯುವಾಗಲಾಗಲಿ ಏನೂ ಆಗುವುದಿಲ್ಲ. ದಂತವೈದ್ಯರು ಎಕ್ಸ್‌-ರೇ ನೋಡಿ, ಹುಳುಕಿಲ್ಲ, ವಸಡೂ ಚೆನ್ನಾಗಿದೆ ಎಂದರು. ಆದರೂ ಒಂದು ಹಲ್ಲನ್ನು ಕೀಳಿಸಿಬಿಡೋಣ ಎಂದು ತಾಯಿ ಹಟ ಹಿಡಿದಿದ್ದಾರೆ. ಕೀಳಿಸಬಹುದೇ?

ಉತ್ತರ (ದಂತವೈದ್ಯೆ):
ದಯವಿಟ್ಟು ಕೀಳಿಸಬೇಡಿ, ಮೊದಲು ಹೃದಯದ ಪರೀಕ್ಷೆ ಮಾಡಿಸಿ, ಅದೂ ಇಂದೇ. ಹಲ್ಲಿನಲ್ಲೇ ಹುಟ್ಟಿದ ನೋವು ಸಾಮಾನ್ಯವಾಗಿ ಒಂದು ಬದಿಯಲ್ಲಿದ್ದು, ಬಿಸಿ ಅಥವಾ ತಂಪು ತಾಗಿದಾಗ, ಕಚ್ಚಿದಾಗ ಕೆರಳುತ್ತದೆ. ನಡೆದರೆ ಬಂದು ಕುಳಿತರೆ ಹೋಗುವ, ಎರಡೂ ಬದಿಯಲ್ಲಿ ಒತ್ತಿದಂತಿರುವ ನೋವು ಆಂಜೈನಾ ಆಗಿರಬಹುದು, ಅಂದರೆ ಹೃದಯದ ಸ್ನಾಯುವಿಗೆ ರಕ್ತ ಸಾಲದಿರುವುದರ ಸೂಚನೆ. ಹೃದಯದ ರಕ್ತಕೊರತೆಯಿದ್ದ 186 ರೋಗಿಗಳನ್ನು ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶೇ. 6ರಷ್ಟು ಜನರಿಗೆ ಗಂಟಲು, ದವಡೆ, ಮುಖದ ಭಾಗದ ನೋವೊಂದೇ ಲಕ್ಷಣವಾಗಿತ್ತು.

ಪ್ರಶ್ನೆ ಕೇಳಿದವರು:
ಆದರೆ ಎದೆನೋವು ಸ್ವಲ್ಪವೂ ಇಲ್ಲ. ಕಳೆದ ವಾರ ತೆಗೆದ ಇಸಿಜಿಯೂ ಸರಿಯಾಗಿಯೇ ಇತ್ತು.

ಉತ್ತರ (ದಂತವೈದ್ಯೆ):
ನೋವಿಲ್ಲದ ವೇಳೆಯಲ್ಲಿ ತೆಗೆದ ಇಸಿಜಿ ಸರಿಯಾಗಿದ್ದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಹೃದಯದಿಂದ ಹೊರಟ ನೋವಿನ ಸಂಕೇತಗಳೂ ದವಡೆ, ಹಲ್ಲುಗಳಿಂದ ಬಂದವೂ ಮಿದುಳುಕಾಂಡದ ಕೆಳಭಾಗ ಮತ್ತು ಕುತ್ತಿಗೆಯ ಬೆನ್ನುಹುರಿಯಲ್ಲಿ ಒಂದೇ ನರಕೋಶಗಳನ್ನು ಮುಟ್ಟುವುದರಿಂದ, ಅವು ಎಲ್ಲಿಂದ ಬಂದವು ಎಂಬುದನ್ನು ಮಿದುಳು ತಪ್ಪಾಗಿ ಗ್ರಹಿಸುತ್ತದೆ. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯಿರುವವರಲ್ಲಿ ಎದೆನೋವಿಲ್ಲದೆ ಹೃದ್ರೋಗ ಕಾಣಿಸಿಕೊಳ್ಳುವುದು ಹೆಚ್ಚು.

ಇನ್ನೊಬ್ಬರ ಉತ್ತರ:
ನಮ್ಮ ತಂದೆಯವರು ಹೀಗೆಯೇ ಎರಡು ಹಲ್ಲು ಕೀಳಿಸಿಕೊಂಡರು. ನೋವು ಮಾತ್ರ ಹಲ್ಲಿಲ್ಲದ ಜಾಗದಲ್ಲೂ ಬರುತ್ತಲೇ ಇತ್ತು. ಕೊನೆಗೆ ಟ್ರೆಡ್‌ಮಿಲ್ ಪರೀಕ್ಷೆಯ ನಡುವೆ ಅದೇ ನೋವು ಕಾಣಿಸಿ, ಇಸಿಜಿಯೂ ಬದಲಾಯಿತು. ಸ್ಟೆಂಟ್ ಹಾಕಿದ ಮೇಲೆ ಅದು ಮರಳಿಲ್ಲ. ಆ ಹಲ್ಲುಗಳೆರಡೂ ಗಟ್ಟಿಯಾಗಿದ್ದವು ಎಂದು ಅವರು ಈಗಲೂ ಪೇಚಾಡುತ್ತಾರೆ.

ಪ್ರಶ್ನೆ ಕೇಳಿದವರು:
ತಾಯಿಯನ್ನು ಈಗ ಮತ್ತೆ ವಿಚಾರಿಸಿದೆ. ನಿನ್ನೆ ರಾತ್ರಿ ಮಲಗಿದ್ದಾಗಲೂ ಕಾಲು ಗಂಟೆ ನೋವಿತ್ತಂತೆ, ಬೆವರೂ ಬಂದಿತ್ತಂತೆ. ನಮ್ಮನ್ನು ಎಬ್ಬಿಸಬಾರದೆಂದು ಸುಮ್ಮನಿದ್ದರಂತೆ.

ಉತ್ತರ (ದಂತವೈದ್ಯೆ):
ಹಾಗಿದ್ದರೆ ಇಲ್ಲಿ ಇನ್ನು ಬರೆಯುತ್ತ ಕೂರಬೇಡಿ. ತಾಯಿಯವರನ್ನು ನಡೆಸದೆ, ಆಂಬುಲೆನ್ಸ್ ಕರೆಸಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ. ಅಲ್ಲಿ ಹಲ್ಲುನೋವು ಎಂದಷ್ಟೇ ಹೇಳದೆ, ಶ್ರಮಪಟ್ಟಾಗ ಬರುತ್ತಿದ್ದ ದವಡೆನೋವು ಈಗ ಮಲಗಿದ್ದಾಗಲೂ ಬೆವರಿನೊಂದಿಗೆ ಬಂದಿದೆ ಎಂದು ತಿಳಿಸಿ.