ವಿಶ್ವ ಇತಿಹಾಸವೋ, ಪ್ರಾದೇಶಿಕ ಇತಿಹಾಸವೋ: ಕಿರುಪ್ರಬಂಧಕ್ಕೆ ಯಾವುದನ್ನು ಆರಿಸಲಿ?

ಪ್ರಶ್ನೆ: ಎಂ.ಎ. ವಿದ್ಯಾರ್ಥಿನಿ, ಚಿತ್ರದುರ್ಗ

ನಮಸ್ಕಾರ. ನಾನು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೇನೆ. ಊರು ಮೊಳಕಾಲ್ಮೂರು ತಾಲ್ಲೂಕಿನ ಒಂದು ಹಳ್ಳಿ. ಐಚ್ಛಿಕ ಪತ್ರಿಕೆ ಯಾವುದು, ಕಿರುಪ್ರಬಂಧದ ವಿಷಯ ಯಾವುದು ಎಂದು ಈ ತಿಂಗಳೊಳಗೆ ಬರೆದುಕೊಡಬೇಕಾಗಿದೆ. ಒಂದು ಕಡೆ ಆಧುನಿಕ ವಿಶ್ವ ಇತಿಹಾಸವಿದೆ, ಇನ್ನೊಂದು ಕಡೆ ಕರ್ನಾಟಕದ ಪ್ರಾದೇಶಿಕ ಇತಿಹಾಸವಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಮೊದಲನೆಯದೇ ಅನುಕೂಲವೆಂದು ಮನೆಯಲ್ಲಿ ಹೇಳುತ್ತಾರೆ. ನನ್ನ ಮನಸ್ಸು ಎರಡನೆಯದರ ಕಡೆಗಿದೆ.

ಆದರೆ ನನ್ನ ಗೊಂದಲ ಅದಕ್ಕಿಂತ ಆಳವಾದದ್ದು. ಬೆಳಿಗ್ಗೆ ಫ್ರಾನ್ಸಿನ ಕ್ರಾಂತಿಯ ಕಾರಣಗಳನ್ನು ಬರೆದುಕೊಳ್ಳುತ್ತೇವೆ, ಮಧ್ಯಾಹ್ನ ಪಾಳೆಯಗಾರರ ವಂಶಾವಳಿಯನ್ನು ಬರೆದುಕೊಳ್ಳುತ್ತೇವೆ. ಇವೆರಡೂ ಒಂದೇ ಭೂಮಿಯ ಮೇಲೆ ನಡೆದವೆಂದು ಅನಿಸುವುದೇ ಇಲ್ಲ. ನಮ್ಮ ದುರ್ಗ ಹೈದರಾಲಿಯ ವಶವಾದದ್ದು 1779ರಲ್ಲಿ, ಪ್ಯಾರಿಸ್ಸಿನ ಬ್ಯಾಸ್ಟಿಲ್ ಕೋಟೆ ಬಿದ್ದದ್ದು 1789ರಲ್ಲಿ. ನಡುವೆ ಹತ್ತೇ ವರ್ಷವಿದೆ ಎಂಬುದು ನನಗೆ ಹೊಳೆದದ್ದು ಪರೀಕ್ಷೆಯ ಹಿಂದಿನ ರಾತ್ರಿ. ಎರಡನ್ನೂ ಒಟ್ಟಿಗೆ ಓದುವ ದಾರಿಯೇನಾದರೂ ಇದೆಯೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ಇತಿಹಾಸ ಉಪನ್ಯಾಸಕ, ದಾವಣಗೆರೆ

ತಂಗಿ, ದಾರಿ ನಿಮ್ಮ ತಾಲ್ಲೂಕಿನಲ್ಲೇ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆ ಇರುವ ಅಶೋಕನ ಶಾಸನಗಳನ್ನು 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದರು. ಸುವರ್ಣಗಿರಿ ಎಂಬ ಆಡಳಿತ ಕೇಂದ್ರದಿಂದ ಇಸಿಲ ಎಂಬ ಊರಿನ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಬಂದ ಆಜ್ಞೆಯನ್ನು ಅಲ್ಲಿ ಕೊರೆಸಿದ ಲಿಪಿಕಾರನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದೆ, ಆದರೆ ತನ್ನ ಹೆಸರಿನ ಜೊತೆ ‘ಲಿಪಿಕಾರ’ ಎಂಬ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಅಂದರೆ ಗಾಂಧಾರದ ಕಡೆ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಬರೆಯುವ ಲಿಪಿಯಲ್ಲಿ ಕೊರೆದಿದ್ದಾನೆ. ಇಂದಿನ ಪೇಶಾವರದ ಸೀಮೆಯ ಬರವಣಿಗೆಯನ್ನು ಬಲ್ಲ ಮನುಷ್ಯನೊಬ್ಬ ನಿಮ್ಮೂರಿನ ಬಂಡೆಯ ಮುಂದೆ ಕುಳಿತಿದ್ದನೆಂದ ಮೇಲೆ ಅದನ್ನು ಪ್ರಾದೇಶಿಕ ಪತ್ರಿಕೆಯಲ್ಲಿ ಓದುವುದೋ, ವಿಶ್ವ ಇತಿಹಾಸದಲ್ಲಿ ಓದುವುದೋ? ಮೂವತ್ತು ವರ್ಷ ಪಾಠ ಹೇಳಿದ ನನಗೆ ಇಂದಿಗೂ ಆ ಒಂದು ಪದವನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಕಾಲನಿರ್ಣಯದ ಮಾತೂ ಹಾಗೆಯೇ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದಾಗ ಮೇಲಿನ ಪದರದಲ್ಲಿ ಒಳಮೈಗೆ ಸಣ್ಣ ಗೀರುಗಳ ವೃತ್ತವಿರುವ ರೂಲೆಟೆಡ್ ಮಡಕೆಯ ಚೂರುಗಳು ದೊರೆತವು. ಎರಡು ವರ್ಷ ಮೊದಲು ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಅದೇ ಬಗೆಯ ಮಡಕೆ ಇಟಲಿಯಿಂದ ಬಂದ ಅರೆಟೈನ್ ಪಾತ್ರೆಗಳೊಂದಿಗೆ ಸಿಕ್ಕಿತ್ತು. ಇಟಲಿಯ ಪಾತ್ರೆಯ ಕಾಲ ಗೊತ್ತಿದ್ದುದರಿಂದ ಅರಿಕಮೇಡಿನ ಕಾಲ ತಿಳಿಯಿತು, ಅದರಿಂದ ಬ್ರಹ್ಮಗಿರಿಯ ಮೇಲಿನ ಪದರದ ಕಾಲ ತಿಳಿಯಿತು. ಅಲ್ಲಿಂದ ಕೆಳಗಿಳಿದು, ದೊಡ್ಡ ಕಲ್ಲುಗಳ ಸಮಾಧಿ ಕಟ್ಟುತ್ತಿದ್ದ ಬೃಹತ್ ಶಿಲಾ ಸಂಸ್ಕೃತಿಗೂ ಅದಕ್ಕಿಂತ ಹಿಂದಿನ ನವಶಿಲಾಯುಗದ ಶಿಲಾಕೊಡಲಿ ಸಂಸ್ಕೃತಿಗೂ ಅವರು ಕಾಲವನ್ನು ಅಂದಾಜಿಸಿದರು. ಮುಂದೆ ಹಳೆಯ ಇದ್ದಿಲು, ಮೂಳೆಗಳ ವಯಸ್ಸನ್ನು ಅಳೆಯುವ ಇಂಗಾಲದ ಪರೀಕ್ಷೆಗಳು ಬಂದ ಮೇಲೆ ದಕ್ಷಿಣದ ನವಶಿಲಾಯುಗ ಅವರ ಅಂದಾಜಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಳೆಯದೆಂದು ತಿಳಿದುಬಂದಿತು. ಚಿತ್ರದುರ್ಗದ ಮಗ್ಗುಲಲ್ಲೇ ಇರುವ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳು ದೊರೆತಿರುವುದು ನಿಮಗೆ ತಿಳಿದೇ ಇರುತ್ತದೆ. ಹಿಂಜರಿಯದೆ ಪ್ರಾದೇಶಿಕ ಇತಿಹಾಸವನ್ನು ಆರಿಸಿಕೊಳ್ಳಿ; ಪ್ರಪಂಚ ತಾನಾಗಿ ಹಿಂದೆ ಬರುತ್ತದೆ.

ಉತ್ತರ 2: ಸಂಶೋಧನಾ ವಿದ್ಯಾರ್ಥಿನಿ, ದಾವಣಗೆರೆ

ಗುರುಗಳ ಮಾತನ್ನು ಗೌರವದಿಂದ ಒಪ್ಪುತ್ತಲೇ ಒಂದು ಆಕ್ಷೇಪವನ್ನು ಮುಂದಿಡುತ್ತೇನೆ. ರೋಮನ್ ನಾಣ್ಯ ಸಿಕ್ಕಿತು, ಗಾಂಧಾರದ ಲಿಪಿ ಸಿಕ್ಕಿತು ಎಂಬ ಕಾರಣಕ್ಕೇ ನಮ್ಮ ನೆಲಕ್ಕೆ ಬೆಲೆ ಬಂದಿತೆಂದು ಬರೆಯತೊಡಗಿದರೆ, ಹೊರಗಿನವರು ಮುಟ್ಟಿದ ಊರುಗಳಿಗೆ ಮಾತ್ರ ಇತಿಹಾಸವಿದೆಯೆಂದು ನಾವೇ ಒಪ್ಪಿದಂತಾಗುತ್ತದೆ. ಅದೇ ಚಂದ್ರವಳ್ಳಿಯಲ್ಲಿ ಕದಂಬ ದೊರೆ ಮಯೂರಶರ್ಮನ ಶಾಸನವಿದೆ. ಅದರಲ್ಲಿ ಬರುವ ದೂರದ ರಾಜ್ಯಗಳ ಹೆಸರುಗಳನ್ನು ಹೇಗೆ ಓದಬೇಕೆಂಬ ಬಗ್ಗೆ ವಿದ್ವಾಂಸರು ಬಹಳ ಚರ್ಚಿಸಿದ್ದಾರೆ. ಆದರೆ ಶಾಸನದ ಮುಖ್ಯ ಸಂಗತಿ ಅವನು ಒಂದು ಕೆರೆಯನ್ನು ಕಟ್ಟಿಸಿದ್ದು. ಮಳೆ ಕಡಿಮೆಯಿರುವ ನಮ್ಮ ಬಯಲುಸೀಮೆಯಲ್ಲಿ ಆ ಕೆರೆ ಯಾವ ನಾಣ್ಯಕ್ಕೂ ಕಡಿಮೆಯದಲ್ಲ.

ಆದ್ದರಿಂದ ನಮ್ಮ ಜನರ ಬದುಕು ಮತ್ತು ಪ್ರಪಂಚದ ಗತಿ ಒಂದೇ ಕಾಲಕ್ಕೆ ಕೂಡಿದ ಘಟನೆಯೊಂದನ್ನು ಹಿಡಿಯಿರಿ ಎಂಬುದು ನನ್ನ ಸಲಹೆ. ನಾನಾಗಿದ್ದರೆ 1876ರಿಂದ 1878ರವರೆಗಿನ ಬರವನ್ನು ಆರಿಸುತ್ತಿದ್ದೆ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಅದೇ ವರ್ಷಗಳಲ್ಲಿ ಉತ್ತರ ಚೀನಾದಲ್ಲಿಯೂ ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿಯೂ ಮಳೆ ಕೈಕೊಟ್ಟು ಜನ ಲಕ್ಷಗಟ್ಟಲೆ ಸತ್ತರು. ಶಾಂತ ಸಾಗರದ ನೀರು ಅಸಾಧಾರಣವಾಗಿ ಬಿಸಿಯಾಗುವ ಎಲ್ ನಿನೊ ಈ ಅನಾವೃಷ್ಟಿಗಳನ್ನು ಒಂದಕ್ಕೊಂದು ಜೋಡಿಸುತ್ತದೆ. ಆದರೆ ಮಳೆಯ ಕೊರತೆ ಕ್ಷಾಮವಾಗಿ ಮಾರ್ಪಡುವುದಕ್ಕೆ ಧಾನ್ಯದ ಬೆಲೆ, ಕಂದಾಯ, ಸರ್ಕಾರದ ನೀತಿ ಎಲ್ಲವೂ ಕಾರಣ. ಜನ ಹಸಿವಿನಿಂದ ಸಾಯುತ್ತಿದ್ದಾಗಲೂ ಭಾರತದ ಗೋಧಿ ಇಂಗ್ಲೆಂಡಿಗೆ ಹಡಗೇರುತ್ತಿತ್ತು. ಕೈಗಾರಿಕಾ ಕ್ರಾಂತಿ, ಮುಕ್ತ ವ್ಯಾಪಾರ, ವಸಾಹತುಶಾಹಿ ಎಂದು ವಿಶ್ವ ಇತಿಹಾಸದ ಪತ್ರಿಕೆಯಲ್ಲಿ ಬಾಯಿಪಾಠ ಮಾಡುವ ಪದಗಳೆಲ್ಲ ಇಲ್ಲಿ ಒಂದು ಸೇರು ರಾಗಿಯ ಬೆಲೆಯಾಗಿ ಎದುರಿಗೆ ನಿಲ್ಲುತ್ತವೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಅಕ್ಕ, ನೀವು ಬರದ ಮಾತನ್ನು ಎತ್ತಿದೊಡನೆ ನಮ್ಮ ಅಜ್ಜಿ ನೆನಪಾದರು. ತಮ್ಮ ಅಜ್ಜಿಯಿಂದ ಕೇಳಿದ ‘ಧಾತು ಈಶ್ವರ ಬರ’ದ ಕಥೆಯನ್ನು ಅವರು ರಾಗಿ ಬೀಸುವಾಗಿನ ಪದದ ಜೊತೆ ಸೇರಿಸಿ ಹೇಳುತ್ತಿದ್ದರು. ಅದು ಇದೇ ಬರವೇ? ಇದಕ್ಕೆ ದಾಖಲೆಗಳನ್ನು ಎಲ್ಲಿ ಹುಡುಕಬೇಕು?

ಉತ್ತರ 3: ಪದವಿ ಕಾಲೇಜಿನ ಅಧ್ಯಾಪಕ, ಚಿತ್ರದುರ್ಗ

ಹೌದು, ಅದೇ ಬರ. ಧಾತು ಸಂವತ್ಸರ 1876–77ಕ್ಕೂ ಈಶ್ವರ ಸಂವತ್ಸರ 1877–78ಕ್ಕೂ ಹೊಂದುತ್ತವೆ. ಹಳೆಯ ಪತ್ರಗಳಲ್ಲಿ ಕಾಲವನ್ನು ಹೀಗೆ ಸಂವತ್ಸರದಿಂದಲೇ ಹೇಳಿರುವುದರಿಂದ ಪಂಚಾಂಗದ ಲೆಕ್ಕವನ್ನು ಮೊದಲು ಕಲಿತುಕೊಳ್ಳಿ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುತ್ತದೆ; ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಎಡವಿದ್ದು ಅಲ್ಲಿಯೇ.

ನಿಮ್ಮ ತಾಲ್ಲೂಕಿಗೆ ಇನ್ನೊಂದು ಅನುಕೂಲವಿದೆ. ಆಗ ಮೊಳಕಾಲ್ಮೂರು ಮೈಸೂರು ಸಂಸ್ಥಾನದಲ್ಲಿತ್ತು, ಪಕ್ಕದ ರಾಯದುರ್ಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮೈಸೂರು 1881ರವರೆಗೆ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದರೂ ಎರಡು ಕಡೆಯ ಕಚೇರಿಗಳು ಬೇರೆ, ಕಡತಗಳೂ ಬೇರೆ. ಮದ್ರಾಸ್ ಪ್ರಾಂತ್ಯದಲ್ಲಿ 1877ರಲ್ಲಿ ಸರ್ಕಾರದ ಕ್ಷಾಮ ಪ್ರತಿನಿಧಿಯಾಗಿ ಬಂದಿದ್ದ ರಿಚರ್ಡ್ ಟೆಂಪಲ್ ಅವರು ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ 1 ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಮಟ್ಟಕ್ಕೆ ಇಳಿಸಿದರು. ದುಡಿಯುವ ದೇಹಕ್ಕೆ ಅದು ಸಾಲದೆಂದು ಅಲ್ಲಿನ ಆರೋಗ್ಯಾಧಿಕಾರಿ ಕಾರ್ನಿಷ್ ವಿರೋಧಿಸಿದರು. ಒಂದೇ ಮಣ್ಣು, ಒಂದೇ ಮಳೆ, ನಡುವೆ ಒಂದು ಗಡಿ: ಆ ಗಡಿಯ ಎರಡು ಕಡೆ ಜನರಿಗೆ ಏನಾಯಿತು ಎಂಬುದೇ ನಿಮ್ಮ ಪ್ರಶ್ನೆಯಾಗಲಿ. ಮೈಸೂರಿನ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೂ ಮದ್ರಾಸಿನ ಕಡತಗಳಿಗೆ ಚೆನ್ನೈಗೂ ಹೋಗಬೇಕಾಗುತ್ತದೆ. ಚೀನಾವನ್ನೂ ಬ್ರೆಜಿಲನ್ನೂ ಒಂದು ಅಧ್ಯಾಯಕ್ಕಿಂತ ಹೆಚ್ಚು ಬೆಳೆಸಬೇಡಿ. ಕಿರುಪ್ರಬಂಧಕ್ಕೆ ಅಷ್ಟು ಸಾಕು.

ಪ್ರಶ್ನೆ ಕೇಳಿದವರು

ವಿಷಯ ನಿರ್ಧಾರವಾಯಿತು ಸರ್. ನಾಳೆಯೇ ಬರೆದುಕೊಡುತ್ತೇನೆ. ಈ ಭಾನುವಾರ ಊರಿಗೆ ಹೋಗಿ ಅಜ್ಜಿಯ ಪದವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತೇನೆ. ರಾಯದುರ್ಗದ ಕಡೆ ನೆಂಟರಿರುವವರು ಇಲ್ಲಿ ಯಾರಾದರೂ ಇದ್ದರೆ, ಅಲ್ಲಿನ ಹಿರಿಯರು ಈ ಬರವನ್ನು ಯಾವ ಹೆಸರಿನಿಂದ ನೆನೆಯುತ್ತಾರೆಂದು ದಯವಿಟ್ಟು ವಿಚಾರಿಸಿ ತಿಳಿಸಿ.